ಸಣ್ಣ ನರ್ಸರಿಗಳ ಪರವಾಗಿ

ಕುಂಡದಲ್ಲಿ ಗಿಡ ಕಂಡರೆ ಅದರ ಮಣ್ಣಿಗೆ ಬೆರಳಿಟ್ಟು ನೋಡದೆ ಮುಂದೆ ಹೋಗುವ ಮನುಷ್ಯನಲ್ಲ ಅವನು. ಡಾಕ್ಟರ ಕ್ಲಿನಿಕ್ಕಿನ ಬಾಗಿಲಲ್ಲಿ, ಬ್ಯಾಂಕಿನ ಕೌಂಟರಿನ ಮಗ್ಗುಲಲ್ಲಿ, ಒಮ್ಮೆ ಸಾವಿನ ಮನೆಗೆ ಮಾತಾಡಿಸಲು ಹೋದಾಗ ಅಲ್ಲಿನ ಮೆಟ್ಟಿಲ ಮೇಲೂ ಬೆರಳು ಹಾಕಿದ್ದ. 'ಇದಕ್ಕೆ ನೀರು ಜಾಸ್ತಿ ಆಗಿದೆ' ಎಂದು ಅಳುತ್ತಿದ್ದವರಿಗೆ ಹೇಳಿ, ದಾರಿಯುದ್ದಕ್ಕೂ ಹೆಂಡತಿಯಿಂದ ಬೈಸಿಕೊಂಡು ಬಂದಿದ್ದ. ಅವನ ಬಲಗೈ ತೋರುಬೆರಳಿನ ಉಗುರಿನ ಸಂದಿಯಲ್ಲಿ ಮಣ್ಣಿಲ್ಲದ ದಿನವನ್ನು ಕಂಡವರಿಲ್ಲ. ಹಾಗಾಗಿ ನರ್ಸರಿ ಸಾಲಿನಲ್ಲಿ ಅವನಿಗೆ ಬೆರಳಣ್ಣ ಎಂದೇ ಹೆಸರು.

ಪೇಟೆ ಮುಗಿದು ಗೋದಾಮುಗಳು ಶುರುವಾಗುವ ಕಡೆ, ದೊಡ್ಡ ರಸ್ತೆಯ ಎರಡೂ ಬದಿಗೆ ಆ ಸಾಲು. ಒಬ್ಬರದು ಗುಲಾಬಿ, ಇನ್ನೊಬ್ಬರದು ಹಣ್ಣಿನ ಸಸಿ, ಮತ್ತೊಬ್ಬರದು ಬರೀ ಕುಂಡ ಮತ್ತು ಗೊಬ್ಬರ. ಲಾರಿ ಹೋದಾಗಲೆಲ್ಲ ಎಲೆಗಳ ಮೇಲೆ ಧೂಳು ಕೂರುತ್ತದೆ, ಪೈಪು ಹಿಡಿದು ತೊಳೆಯುತ್ತಾರೆ, ಮತ್ತೆ ಲಾರಿ ಬರುತ್ತದೆ. ಬೆರಳಣ್ಣನದು ನೆರಳಿನಲ್ಲಿ ಬೆಳೆಯುವ ಅಲಂಕಾರದ ಗಿಡಗಳು. ರಸ್ತೆಯ ಆಚೆ ಬದಿ, ಅವನ ಗೇಟಿಗೆ ಸರಿಯಾಗಿ ಎದುರಿಗೆ, ಅವನ ತಂಗಿಯ ನರ್ಸರಿ. ಅವಳದು ಪೂರ್ತಿ ನಿಂಬೆ, ಕಿತ್ತಳೆ, ಮೋಸಂಬಿ ಸಸಿಗಳು, ಬೇರೆ ಏನೂ ಇಲ್ಲ.

ಗಂಡ ತೀರಿಕೊಂಡಾಗ ತಂಗಿಗೆ ಗೊತ್ತಿದ್ದದ್ದು ಗಿಡಕ್ಕೆ ನೀರು ಹಾಕುವುದು ಮಾತ್ರ. ಕಣ್ಣು ಕಸಿ ಕಟ್ಟುವುದನ್ನು ಅವಳಿಗೆ ಕಲಿಸಿದವನು ಅಣ್ಣನೇ. ಕಾಡುನಿಂಬೆಯ ಕಾಂಡದ ತೊಗಟೆಯನ್ನು ಚಾಕುವಿನ ತುದಿಯಿಂದ ಸೀಳಿ, ಒಳ್ಳೆಯ ಮರದ ರೆಂಬೆಯಿಂದ ಎಬ್ಬಿಸಿ ತಂದ ಒಂದು ಮೊಗ್ಗನ್ನು ಅದರೊಳಗೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಬೇಕು. ಮೊದಲ ಸಲ ಅವಳು ಕಟ್ಟಿದ ಕಣ್ಣುಗಳೆಲ್ಲ ಒಣಗಿ ಕಪ್ಪಾದವು. ಅವಳು ಚಾಕು ಎಸೆದು ಅತ್ತಳು. ಅಣ್ಣ ಚಾಕು ಹುಡುಕಿ ತಂದು, ಒರೆಸಿ, ಮತ್ತೆ ಅವಳ ಕೈಗೇ ಕೊಟ್ಟ. ಈಗ ಅವಳ ಕೈ ಅವನದಕ್ಕಿಂತ ಚುರುಕು. ಗುರುವನ್ನು ಮೀರಿಸಿದ ಶಿಷ್ಯೆ ಎಂದು ಅವನೇ ಗಿರಾಕಿಗಳ ಮುಂದೆ ಹೇಳಿಕೊಳ್ಳುತ್ತಿದ್ದ.

ಈ ಸಾಲಿಗೊಂದು ಸಂಘವಿತ್ತು. ನರ್ಸರಿ ಮಾಲೀಕರ ಸಂಘ. ಅದರ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಎಲ್ಲ ಊರಾಚೆ ಎಕರೆಗಟ್ಟಲೆ ಬಲೆಮನೆ ಕಟ್ಟಿಸಿಕೊಂಡ ದೊಡ್ಡವರು. ಬಲೆಮನೆ ಎಂದರೆ ಹುಳ ನುಗ್ಗದ ಹಾಗೆ ನಾಲ್ಕೂ ಕಡೆ ಮತ್ತು ನೆತ್ತಿಗೆ ಸಣ್ಣ ಕಣ್ಣಿನ ಬಲೆ ಬಿಗಿದ ಚಪ್ಪರ. ಸಾಲಿನವರ ತಲೆಯ ಮೇಲೆ ಇದ್ದದ್ದು ಆಕಾಶ ಒಂದೇ. ಅವರ ಪಾಲಿಗೆ ಸಂಘ ಅಂದರೆ ವರ್ಷಕ್ಕೊಂದು ಊಟ, ಗೋಡೆಗೊಂದು ಕ್ಯಾಲೆಂಡರು. 'ಸಂಘ ನಮ್ಮನ್ನ ಕೇಳೋದು ಎರಡೇ ಸಲ, ಚಂದಾ ಕೇಳುವಾಗ, ಊಟಕ್ಕೆ ಎಷ್ಟು ಜನ ಬರ್ತೀರಿ ಅಂತ ಕೇಳುವಾಗ' ಎಂದು ಗುಲಾಬಿ ತಾತ ಹೇಳುತ್ತಿದ್ದ. ಸಾಲಿನಲ್ಲಿ ಎಲ್ಲರಿಗಿಂತ ಹಳಬ ಅವನು. ಬಡವನ ಕೋಪ ದವಡೆಗೆ ಮೂಲ ಎಂದು ಎಲ್ಲರೂ ಹಲ್ಲು ಕಚ್ಚಿಕೊಂಡಿದ್ದರು. ಕಡೆಗೊಮ್ಮೆ ಊಟದ ದಿನವೇ ಜಗಳ ತೆಗೆದರು. ಅಧ್ಯಕ್ಷರು ಜಾಣರು. ಜಗಳ ಆಡಲಿಲ್ಲ, ನಕ್ಕು, 'ಸಣ್ಣ ನರ್ಸರಿಗಳಿಗೂ ಒಬ್ಬ ಪ್ರತಿನಿಧಿ ಇರಲಿ, ನೀವೇ ಆರಿಸಿ ಕಳಿಸಿ' ಎಂದುಬಿಟ್ಟರು.

ಕುರ್ಚಿ ಸಿಕ್ಕಿತು, ಕೂರುವವರು ಯಾರು? ಒಬ್ಬನಿಗೆ ಗಿರಾಕಿ ಬರುವ ಹೊತ್ತು, ಇನ್ನೊಬ್ಬನಿಗೆ ಮೊಣಕಾಲು ನೋವು. ಎಲ್ಲರ ಕಣ್ಣೂ ಸುತ್ತಿ ಸುತ್ತಿ ಬೆರಳಣ್ಣನ ಮೇಲೆ ಬಂದು ನಿಂತವು. 'ನೀನೇ ಸರಿ. ಯಾರ ಜೊತೇನೂ ಜಗಳ ಇಲ್ಲ ನಿನಗೆ' ಎಂದರು. ಅವನು ಅದನ್ನು ಮರ್ಯಾದೆ ಎಂದುಕೊಂಡ. ಆ ಸಂಜೆ ಕನ್ನಡಿ ಮುಂದೆ ಸ್ವಲ್ಪ ಹೆಚ್ಚೇ ಹೊತ್ತು ನಿಂತಿದ್ದನ್ನು ಹೆಂಡತಿ ನೋಡಿದಳು.

ಅಲ್ಲಿಯವರೆಗೆ ಎಲ್ಲ ತಮಾಷೆಯೇ. ಆಮೇಲೆ ರೋಗ ಬಂತು. ನಿಂಬೆ ಜಾತಿಯ ಗಿಡಗಳ ಎಲೆಗೆ ಹಳದಿ ಮಚ್ಚೆ ಬಿದ್ದು, ಗಿಡ ವರ್ಷದೊಳಗೆ ಸೊರಗಿ ಸಾಯುವ ರೋಗ. ಹುಳದಿಂದ ಹರಡುತ್ತದೆ, ಔಷಧ ಇಲ್ಲ. ತೋಟಗಾರಿಕೆ ಇಲಾಖೆಯವರು ಸಂಘದ ಜೊತೆ ಸಭೆ ಕರೆದರು. ಬಲೆಮನೆಯ ಹೊರಗೆ, ಬಯಲಲ್ಲಿ ಬೆಳೆದ ನಿಂಬೆ ಜಾತಿಯ ಸಸಿಗಳನ್ನೆಲ್ಲ ಕಿತ್ತು ಸುಡಿಸುವ ಯೋಚನೆ ಇದೆ ಎಂದು ಸುದ್ದಿ ಹಬ್ಬಿತು. ಸಾಲಿನಲ್ಲಿ ಐದಾರು ಜನರ ಹತ್ತಿರ ಅಂಥ ಸಸಿಗಳಿದ್ದವು. ಉಳಿದವರಿಗೆ ಅದು ನಾಲ್ಕು ಸಾಲು, ಎಂಟು ಸಾಲು. ತಂಗಿಗೆ ಅದೇ ಬದುಕು. ಅವಳು ಹಿಂದಿನ ವರ್ಷ ಕಟ್ಟಿದ ಕಣ್ಣುಗಳೆಲ್ಲ ಚಿಗುರಿ, ಮೊಣಕಾಲೆತ್ತರ ಬೆಳೆದು, ಇನ್ನೇನು ಮಾರಾಟಕ್ಕೆ ಬರುವುದರಲ್ಲಿದ್ದವು. ಎಲೆಗಳಲ್ಲಿ ಒಂದು ಮಚ್ಚೆಯೂ ಇರಲಿಲ್ಲ.

ಸಭೆಯಲ್ಲಿ ಕೇಳಬೇಕಾದದ್ದು ಒಂದೇ ಮಾತು ಎಂದು ಎಲ್ಲರೂ ಸೇರಿ ತೀರ್ಮಾನಿಸಿದರು. ಗಿಡ ಗಿಡ ಪರೀಕ್ಷೆ ಮಾಡಿ, ರೋಗ ಇರುವುದನ್ನು ತೆಗೆಯಿರಿ, ಒಳ್ಳೆಯದನ್ನು ಬಿಡಿ. ಅಷ್ಟೇ. ಪಂಡಿತನೇ ಆಗಬೇಕೆಂದಿಲ್ಲ, ಬಾಯಿದ್ದವನು ಹೇಳಬಹುದಾದ ಮಾತು.

ಹಿಂದಿನ ಸಂಜೆ ತಂಗಿ ಅವನಿಗೆ ಅಭ್ಯಾಸ ಮಾಡಿಸಿದಳು. ಕುಂಡ ತುಂಬುವ ಕ್ರೇಟನ್ನು ಬೋರಲು ಹಾಕಿ, ಅದರ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತು, ಇಲಾಖೆಯ ದೊಡ್ಡ ಮೇಡಂ ಆದಳು.

"ಹೂಂ, ಹೇಳಿ. ಏನು ನಿಮ್ಮದು?"

"ಮೇಡಂ, ಅದು... ನಮ್ಮ ಕಡೆಯೋರು ಏನಂದ್ರೆ..."

"ನನಗೆ ಟೈಮಿಲ್ಲ ರೀ, ಬೇಗ ಹೇಳಿ."

"ಏ, ಅವರು ಹಾಗೆಲ್ಲ ಗದರಿಸಲ್ಲ ಕಣೇ."

"ಗದರಿಸಿದ್ರೆ? ನನ್ನ ಮುಂದೇನೇ ಹೀಗೆ ತಡವರಿಸ್ತೀಯಲ್ಲ ಅಣ್ಣ. ಒಂದೇ ಉಸಿರಿಗೆ ಹೇಳಿಬಿಡು. ಔಷಧಿ ಕುಡಿದ ಹಾಗೆ."

ಅವನು ಒಂದೇ ಉಸಿರಿಗೆ ಹೇಳಿದ. ಚೆನ್ನಾಗಿಯೇ ಹೇಳಿದ. ತಂಗಿ ಕ್ರೇಟಿನಿಂದ ಇಳಿದು, "ಇಷ್ಟೇ ಅಣ್ಣ. ಇಷ್ಟು ಹೇಳಿದ್ರೆ ನನ್ನ ಗಿಡ ಉಳೀತು ಅಂದ್ಕೋ" ಎಂದಳು. ತಮಾಷೆಯ ಮುಖ ಹೋಗಿ ಅವಳ ನಿಜವಾದ ಮುಖ ಬಂದಿತ್ತು.

ಮಾರನೆಯ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಉಗುರುಗಳನ್ನು ಬ್ರಷ್ಷಿನಿಂದ ತಿಕ್ಕಿ ತೊಳೆದುಕೊಂಡು ಹೋದ. ತಣ್ಣಗಿನ ದೊಡ್ಡ ಕೋಣೆ. ಉದ್ದನೆಯ ಮೇಜಿಗೆ ಬಿಳೀ ಬಟ್ಟೆ ಹಾಸಿ, ಒಬ್ಬೊಬ್ಬರ ಮುಂದೂ ನೀರಿನ ಬಾಟಲಿ ಇಟ್ಟಿದ್ದರು. ಅವನ ಜಾಗದಲ್ಲಿ 'ಪ್ರತಿನಿಧಿ, ಸಣ್ಣ ನರ್ಸರಿಗಳು' ಎಂದು ಬರೆದ ಪುಟ್ಟ ಫಲಕ. ಅಧ್ಯಕ್ಷರು ಹೆಗಲ ಮೇಲೆ ಕೈ ಹಾಕಿ, "ಬನ್ನಿ ಬನ್ನಿ, ನಮ್ಮ ಪಕ್ಕದಲ್ಲೇ ಕೂತ್ಕೊಳ್ಳಿ" ಎಂದರು. ಕೂತ ಮೇಲೆ ಅವರೇ ಮೊದಲು ಮಾತು ಶುರು ಮಾಡಿದರು. ರೈತರ ಹಿತ, ಉದ್ಯಮದ ಹಿತ, ಇಲಾಖೆಗೆ ಸಂಘದ ಸಂಪೂರ್ಣ ಸಹಕಾರ. ಬಯಲಿನ ಸಸಿಗಳೆಲ್ಲ ಸುಟ್ಟು ಹೋದರೆ ಬಲೆಮನೆಯ ಸಸಿಗಳೇ ಮಾರುಕಟ್ಟೆಗೆ ದಿಕ್ಕು ಎಂಬುದನ್ನು ಅವರು ಹೇಳಲಿಲ್ಲ. ಅದನ್ನು ಹೇಳುವ ಅಗತ್ಯವೂ ಇರಲಿಲ್ಲ.

ಮಾತು ಉದ್ದವಾಯಿತು. ಬೆರಳಣ್ಣನ ಕುರ್ಚಿಯ ಹಿಂದೆ, ಮೂಲೆಯಲ್ಲಿ, ಅಗಲ ಎಲೆಯ ಒಂದು ಗಿಡ ಕುಂಡದಲ್ಲಿತ್ತು. ಕೆಳಗಿನ ಎಲೆಗಳು ಹಳದಿಯಾಗಿ ಜೋತುಬಿದ್ದಿದ್ದವು. ನೋಡಬಾರದು ಎಂದುಕೊಂಡ, ನೋಡಿದ. ಮುಟ್ಟಬಾರದು ಎಂದುಕೊಂಡ, ಕುರ್ಚಿಯಿಂದ ವಾಲಿ ಒಂದು ಬೆರಳು ಹಾಕಿದ. ಕೆಸರು. ತಟ್ಟೆಯಲ್ಲಿ ನೀರು ನಿಂತು ನಾತ ಹೊಡೆಯುತ್ತಿತ್ತು. ದಿನಾ ಯಾರೋ ಪುಣ್ಯಾತ್ಮ ಬಾಟಲಿಯಲ್ಲಿ ಉಳಿದದ್ದನ್ನೆಲ್ಲ ಇದಕ್ಕೇ ಸುರಿಯುತ್ತಿರಬೇಕು. ಎರಡು ಬೆರಳಾಯಿತು, ಆಮೇಲೆ ಎರಡೂ ಕೈ. ಬುಡ ಸಡಿಲಿಸಿದ, ಕೊಳೆತು ಕಪ್ಪಾದ ಬೇರುಗಳನ್ನು ಹುಡುಕಿ ಹುಡುಕಿ ಕಿತ್ತ, ತಟ್ಟೆಯನ್ನು ಸರಿಸಿದ. ಈ ಕೆಲಸದಲ್ಲಿ ಅವನಿಗೆ ಸಭೆಯೂ ಇರಲಿಲ್ಲ, ಮೇಡಂ ಕೂಡ ಇರಲಿಲ್ಲ.

"ಸಣ್ಣ ನರ್ಸರಿಯವರು ಏನು ಹೇಳ್ತೀರಿ?" ಮೇಡಂ ಕೇಳಿದರು.

ತಿರುಗಿ ನೋಡಿದರೆ ಮೇಜಿನ ಸುತ್ತ ಕೂತ ಅಷ್ಟೂ ಜನ ಅವನನ್ನೇ ನೋಡುತ್ತಿದ್ದರು. ಅವನ ಎರಡೂ ಕೈ ಮಣಿಕಟ್ಟಿನವರೆಗೆ ಕೆಸರು. ಗಾಬರಿಯಲ್ಲಿ ಕೈಯನ್ನು ಮೇಜಿನ ಮೇಲಿಟ್ಟ. ಬಿಳೀ ಬಟ್ಟೆಯ ಮೇಲೆ ಹತ್ತೂ ಬೆರಳಿನ ಅಚ್ಚು ಬಿತ್ತು. ಯಾರೋ ಕಿಸಕ್ಕನೆ ನಕ್ಕರು. ಅಧ್ಯಕ್ಷರು, "ಅವರದು ದುಡಿಯೋ ಕೈ ಮೇಡಂ" ಎಂದರು. ಆಗ ಎಲ್ಲರೂ ನಕ್ಕರು. ಕೆಟ್ಟ ನಗೆಯೇನಲ್ಲ, ಮೇಡಂ ಕೂಡ ಸಮಾಧಾನವಾಗಿಯೇ ಕಾದರು. ಗದರಿಸಲೂ ಇಲ್ಲ, ಅವಸರ ಮಾಡಲೂ ಇಲ್ಲ. ಒಂದು ಮಾತು ಹೇಳಲು ಅದಕ್ಕಿಂತ ಹೆಚ್ಚಿನ ಅವಕಾಶ ಯಾರಿಗೂ ಸಿಗುವುದಿಲ್ಲ.

ಅವನು ಕೈಗಳನ್ನು ಮೇಜಿನ ಕೆಳಗೆ ಅಡಗಿಸಿಕೊಂಡ. ಮಣ್ಣು ನಂಬಿ ಬದುಕುವವನು, ಮಣ್ಣಿಗೆ ನಾಚಿದ. ಮುಖ ಸುಡುತ್ತಿತ್ತು. ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಈ ಜನ ತನ್ನ ಮೇಲಿಂದ ಕಣ್ಣು ತೆಗೆದರೆ ಸಾಕು, ಬೇರೇನೂ ಬೇಡ ಎನಿಸಿತು.

"ಅಧ್ಯಕ್ಷರು ಹೇಳಿದ್ದೇ ಮೇಡಂ. ನಮ್ಮದೂ ಅದೇ" ಎಂದ.

ಕಣ್ಣುಗಳು ಅವನನ್ನು ಬಿಟ್ಟವು. "ಹಾಗಾದ್ರೆ ಎಲ್ಲರ ಒಪ್ಪಿಗೆ ಇದೆ" ಎಂದು ಮೇಡಂ ಮುಂದಿನ ಮಾತಿಗೆ ಹೋದರು. ಏಳುವ ಮುಂಚೆ ಇನ್ನೊಂದು ಮಾತು ಸೇರಿಸಿದರು. ತಮ್ಮ ಗಿಡಗಳಿಗೆ ಪರೀಕ್ಷೆ ಬೇಕು ಎನ್ನುವವರು ಈ ತಿಂಗಳೊಳಗೆ ತಾವೇ ಕಚೇರಿಗೆ ಬಂದು ಕೇಳಿಕೊಳ್ಳಬಹುದು, ಅಂಥವರ ಗಿಡಗಳನ್ನು ಒಂದೊಂದಾಗಿ ನೋಡುತ್ತೇವೆ, ಉಳಿದವರದು ಸಾರಾಸಗಟಾಗಿ ಸುಡುವುದೇ. ಈ ಮಾತನ್ನು ಬೆರಳಣ್ಣ ಸ್ಪಷ್ಟವಾಗಿ ಕೇಳಿಸಿಕೊಂಡ. ಕೇಳಿಸಲಿಲ್ಲ ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಳ್ಳಲು ನೋಡಿದ, ಆಗಲಿಲ್ಲ.

ಸಾಲಿಗೆ ವಾಪಸು ಬಂದಾಗ ಎಲ್ಲರೂ ಗುಲಾಬಿ ತಾತನ ಗೇಟಿನಲ್ಲಿ ಟೀ ಕುಡಿಯುತ್ತಾ ನಿಂತಿದ್ದರು. ಬಸ್ಸಿನಲ್ಲಿ ಬರುವಾಗ ಅವನು ನಿಜ ಹೇಳಲು ತಯಾರಾಗಿಯೇ ಬಂದಿದ್ದ. ಮೊದಲು ಕೇಳಿದವಳು ತಂಗಿ.

"ಹೇಳ್ದೆಯಾ ಅಣ್ಣ?"

"ಹೇಳ್ದೆ" ಎಂದ.

ಅಷ್ಟು ಸುಲಭವಾಗಿ ಬಂತು. ಸಭೆಯಲ್ಲಿ ಹೊರಡದ ಬಾಯಿ ಇಲ್ಲಿ ತಡವರಿಸಲೂ ಇಲ್ಲ. ಮೇಡಂ ಏನಂದರು ಎಂದು ಒಬ್ಬರು ಕೇಳಿದರು. "ನೋಡೋಣ ಅಂದ್ರು." ಗುಲಾಬಿ ತಾತ ಅವನ ಮುಖವನ್ನೇ ಒಂದು ಗಳಿಗೆ ನೋಡಿ, "ಆಯ್ತು ಬಿಡಪ್ಪ, ಹೋಗಿ ಬಂದೆಯಲ್ಲ" ಎಂದು ಅವನ ಕೈಗೆ ಟೀ ಕೊಟ್ಟ. ಕಚೇರಿಗೆ ಬಂದು ಕೇಳಿಕೊಳ್ಳಬಹುದು ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಹೇಳಿದರೆ, ನೀನು ಕೇಳಿದ ಮೇಲೂ ನಾವು ಯಾಕೆ ಹೋಗಬೇಕು ಎಂದು ಯಾರಾದರೂ ಕೇಳಬಹುದಿತ್ತು. ಟೀ ಜೊತೆ ಅದನ್ನೂ ನುಂಗಿದ.

ತಂಗಿಯ ಸಂತೋಷ ನೋಡಲು ಆಗುತ್ತಿರಲಿಲ್ಲ. ಬಂದ ಗಿರಾಕಿಗಳಿಗೆಲ್ಲ, "ನಮ್ಮಣ್ಣ ಸಂಘದಲ್ಲಿದ್ದಾನೆ, ದೊಡ್ಡೋರ ಮುಂದೆ ಕೂತು ನಮ್ಮ ಪರವಾಗಿ ಮಾತಾಡಿ ಬಂದ" ಎಂದು ಹೇಳುತ್ತಿದ್ದಳು. ರಸ್ತೆಯ ಈಚೆಯಿಂದ ಅವನಿಗೆ ಅದು ಕೇಳಿಸುತ್ತಿತ್ತು. ನಾಳೆ ಹೇಳುತ್ತೇನೆ, ಸಂಜೆ ಹೇಳುತ್ತೇನೆ, ಅವಳು ಒಬ್ಬಳೇ ಇದ್ದಾಗ ಹೇಳುತ್ತೇನೆ ಎಂದುಕೊಳ್ಳುತ್ತಲೇ ದಿನ ತಳ್ಳಿದ. ಒಂದು ಸಂಜೆ ಹೇಳಲೆಂದೇ ರಸ್ತೆ ದಾಟಿ ಹೋದ. ಅವಳು ಹೊಸ ಸಾಲಿಗೆ ಕಣ್ಣು ಕಟ್ಟುತ್ತಾ ಕೂತಿದ್ದಳು. ಬಾಯಲ್ಲಿ ಪ್ಲಾಸ್ಟಿಕ್ ಪಟ್ಟಿ ಕಚ್ಚಿಕೊಂಡೇ ತಲೆಯೆತ್ತಿ ನಕ್ಕಳು. ಅವನು ನಿಂಬೆಯ ಎಲೆಯೊಂದನ್ನು ತಿರುಗಿಸಿ ನೋಡಿ, 'ಚೆನ್ನಾಗಿ ಬಂದಿದೆ' ಎಂದು ಹೇಳಿ ವಾಪಸು ಬಂದ. ಉಗುಳಲೂ ಆಗದೆ ನುಂಗಲೂ ಆಗದೆ ಒದ್ದಾಡುವುದು ಎಂದರೆ ಏನೆಂದು ಅವನಿಗೆ ಆಗ ಗೊತ್ತಾಯಿತು. ಅನ್ನ ಸೇರುತ್ತಿರಲಿಲ್ಲ. ಮೈ ಸರಿಯಿಲ್ಲವೇ ಎಂದು ಹೆಂಡತಿ ಕೇಳಿದರೆ ಅವಳ ಮೇಲೆ ರೇಗಿದ.

ತಿಂಗಳು ಮುಗಿಯುವ ಮುಂಚೆ ಒಂದು ಮಧ್ಯಾಹ್ನ, ಗಿಡ ಸಾಗಿಸುವ ವ್ಯಾನೊಂದು ಸಾಲಿಗೆ ಬಂದು ನಿಂತಿತು. ಅದರಿಂದ ಗುಲಾಬಿ ತಾತ, ಹಣ್ಣಿನ ಸಸಿಯವನು, ಮತ್ತೆ ಮೂರ್ನಾಲ್ಕು ಜನ ಇಳಿದರು. ಎಲ್ಲರೂ ಮದುವೆಗೆ ಹೋದವರ ಹಾಗೆ ತೊಳೆದ ಬಟ್ಟೆ ಹಾಕಿದ್ದರು. ಬೆರಳಣ್ಣನನ್ನು ಕಂಡು ಹಣ್ಣಿನ ಸಸಿಯವನು ತಲೆ ಕೆರೆದುಕೊಂಡ.

"ಬೇಜಾರು ಮಾಡ್ಕೋಬೇಡ ಬೆರಳಣ್ಣ. ಇಲಾಖೆ ಕಚೇರಿಗೆ ಹೋಗಿದ್ವಿ. ಅಲ್ಲಿ ಡ್ರೈವರ್ ಒಬ್ಬ ನಮಗೆ ಪರಿಚಯ, ಬಂದು ಕೇಳಿದ್ರೆ ಪರೀಕ್ಷೆ ಮಾಡ್ತಾರಂತೆ ಅಂದ. ಕೇಳಿ ಬಂದ್ವಿ."

"ನಾನು ಹೇಳಿದ್ನಲ್ಲ..." ಎಂದು ಬೆರಳಣ್ಣ ಶುರು ಮಾಡಿದ.

ಗುಲಾಬಿ ತಾತ ಅವನನ್ನು ಮಾತು ಮುಗಿಸುವ ಕಷ್ಟದಿಂದ ಬಿಡಿಸಿದ. "ಹೇಳಿರ್ತೀಯ ಬಿಡು. ಸಂಘಕ್ಕೆ ಒಬ್ಬನ್ನ ಕಳಿಸಬೇಕಿತ್ತು, ಕಳಿಸಿದ್ವಿ. ಕೆಲಸ ಆಗಬೇಕಿತ್ತು, ನಾವೇ ಹೋದ್ವಿ. ಅದು ಬೇರೆ, ಇದು ಬೇರೆ."

ಅವರು ಅವನಿಂದ ಏನನ್ನೂ ನಿರೀಕ್ಷಿಸಿಯೇ ಇರಲಿಲ್ಲ. ಖಾಲಿ ಕುರ್ಚಿ ಚೆನ್ನಾಗಿ ಕಾಣುವುದಿಲ್ಲವೆಂದು ಅದರ ಮೇಲೆ ಒಂದು ಅಂಗಿ ಹರವಿದ್ದರು, ಅಷ್ಟೇ. ಇದು ತಿಳಿದು ಅವನ ಕಿವಿ ಬಿಸಿಯಾಯಿತು. ಆದರೆ ಅದರ ಹಿಂದೆಯೇ ಇನ್ನೊಂದು ಬಂತು, ತಡೆಯಲಾಗದಂಥ ನಿರಾಳ. ಎಲ್ಲರೂ ಹೋಗಿ ಕೇಳಿ ಬಂದರಲ್ಲ. ತನ್ನ ಸುಳ್ಳಿನಿಂದ ಯಾರಿಗೂ ಏನೂ ಆಗಲಿಲ್ಲವಲ್ಲ. ತಂಗಿಯೂ ಹೋಗಿದ್ದಳೇ ಎಂದು ಕೇಳಬೇಕೆಂದು ಬಾಯಿ ತೆರೆದ. ಕೇಳಿದರೆ, ನಿನಗ್ಯಾಕೆ ಆ ಚಿಂತೆ ಎಂದು ತಾತ ಮತ್ತೆ ಮುಖ ನೋಡಬಹುದು ಎನಿಸಿತು. ಹೋಗದೆ ಏನು, ಅವಳದೇ ಅಲ್ಲವೇ ಹೆಚ್ಚು ಗಿಡ, ಮೊದಲೇ ತನ್ನ ಗೇಟಿನಲ್ಲಿ ಇಳಿದಿರಬೇಕು, ಎಂದು ಪ್ರಶ್ನೆಗೆ ತಾನೇ ಉತ್ತರವನ್ನೂ ಕೊಟ್ಟುಕೊಂಡ. ಅವತ್ತು ಹೊಟ್ಟೆ ತುಂಬ ಉಂಡ.

ಇಲಾಖೆಯವರು ಬಂದು ಒಬ್ಬೊಬ್ಬರ ಸಸಿಗಳನ್ನೂ ನೋಡಿ ಹೋದರು. ಎಲೆ ಕತ್ತರಿಸಿಕೊಂಡು ಹೋಗಿ ಪರೀಕ್ಷೆ ಮಾಡಿದರು. ಗುಲಾಬಿ ತಾತನ ಹಿತ್ತಲ ಸಾಲಿನಲ್ಲಿ ಒಂದೆರಡು, ಹಣ್ಣಿನ ಸಸಿಯವನಲ್ಲಿ ನಾಲ್ಕಾರು ಕಿತ್ತು ಸುಟ್ಟರು. ಉಳಿದವಕ್ಕೆ ಹಸಿರು ಪಟ್ಟಿ ಕಟ್ಟಿ ಮಾರಿಕೊಳ್ಳಿ ಎಂದರು. ತಂಗಿಯ ಕಡೆಗೆ ಅವರು ಹೋಗಲಿಲ್ಲ. ನಾಳೆ ಹೋಗುತ್ತಾರೇನೋ ಎಂದು ಬೆರಳಣ್ಣ ಅಂದುಕೊಂಡ. ನಾಳೆಯೂ ಹೋಗಲಿಲ್ಲ.

ಮುಂದಿನ ವಾರ ಬೆಳಿಗ್ಗೆ ಅವಳ ಗೇಟಿನ ಮುಂದೆ ಟ್ರೇಲರು ಕಟ್ಟಿದ ಟ್ರ್ಯಾಕ್ಟರು ಬಂದು ನಿಂತಿತು. ಕೈಗವಸು ಹಾಕಿದ ಕೂಲಿಯವರು ಇಳಿದರು. ಬೆರಳಣ್ಣ ಕೈಯಲ್ಲಿದ್ದ ನೀರಿನ ಪೈಪನ್ನು ಅಲ್ಲೇ ಬಿಟ್ಟು ರಸ್ತೆ ದಾಟಿದ. ಬೈಕಿನವನೊಬ್ಬ ಬೈದು ಹೋದದ್ದು ಅವನಿಗೆ ಕೇಳಿಸಲಿಲ್ಲ.

ಬಂದಿದ್ದ ಇನ್ಸ್‌ಪೆಕ್ಟರು ಇಲಾಖೆಯ ವಯಸ್ಸಾದ ಮನುಷ್ಯ, ಮೆತ್ತನೆಯ ಮಾತು. ಅವತ್ತಿನ ಸಭೆಯಲ್ಲಿ ಗೋಡೆಗೆ ಒರಗಿ ನಿಂತಿದ್ದವನು.

"ಎಲ್ಲರೂ ಬಂದು ಕೇಳ್ಕೊಂಡ್ರಮ್ಮ. ನೀವೊಬ್ಬರು ಬರಲಿಲ್ಲ. ಅವಧಿ ಮುಗೀತು, ಈಗ ನನ್ನ ಕೈಲಿ ಏನೂ ಇಲ್ಲ."

"ನಾನ್ಯಾಕೆ ಬರಬೇಕು ಸರ್? ಸಭೇಲೇ ಕೇಳಿದ್ದಾರಲ್ಲ. ನಮ್ಮಣ್ಣನೇ ಪ್ರತಿನಿಧಿ" ಎಂದು ತಂಗಿ ಅವನ ಕಡೆ ತಿರುಗಿದಳು. ಅಣ್ಣ ಬಂದನಲ್ಲ, ಇನ್ನೇನು ಭಯ ಎಂಬಂತಿತ್ತು ಅವಳ ಮುಖ. "ಹೇಳಣ್ಣ ಇವರಿಗೆ."

ಇನ್ಸ್‌ಪೆಕ್ಟರು ಬೆರಳಣ್ಣನನ್ನು ನೋಡಿದ. ಗುರುತು ಹತ್ತಿತು. ತನ್ನ ಬೂಟುಗಳ ಕಡೆ ಕಣ್ಣು ಇಳಿಸಿದ. ಅವನು ಬೈದಿದ್ದರೆ, ನೀನೇ ಒಪ್ಪಿ ಹೋದೆಯಲ್ಲ ಎಂದು ಗದರಿದ್ದರೆ, ಅದನ್ನು ತಡೆದುಕೊಳ್ಳಬಹುದಿತ್ತು.

"ನಾನು ಹೇಳಲಿಲ್ಲ ಕಣಮ್ಮ" ಎಂದ ಬೆರಳಣ್ಣ. "ಬಾಯಿ ಬರಲಿಲ್ಲ. ಕೈಯೆಲ್ಲ ಮಣ್ಣಾಗಿತ್ತು, ಎಲ್ಲರೂ ನಕ್ಕರು. ನಾಚಿಕೆ ಆಯ್ತು. ಅವರು ಹೇಳಿದ್ದಕ್ಕೆ ಹೂಂ ಅಂದು ಬಂದೆ. ಕಚೇರಿಗೆ ಹೋಗಿ ಕೇಳಬಹುದು ಅನ್ನೋದೂ ಗೊತ್ತಿತ್ತು, ಹೇಳಲಿಲ್ಲ. ನೀನೂ ಅವರ ಜೊತೆ ಹೋಗಿರ್ತೀಯ ಅಂದ್ಕೊಂಡೆ."

ಕೂಲಿಯವರು ಕೈಗವಸು ಬಿಗಿಮಾಡಿಕೊಳ್ಳುತ್ತಾ ಕಾಯುತ್ತಿದ್ದರು. ರಸ್ತೆಯಾಚೆಯ ಗೇಟುಗಳಲ್ಲಿ ಸಾಲಿನವರು ನಿಂತಿದ್ದರು, ಯಾರೂ ಹತ್ತಿರ ಬರಲಿಲ್ಲ. ತಂಗಿ ಅಳುತ್ತಾಳೆ, ಕಿರುಚುತ್ತಾಳೆ ಎಂದು ಅವನು ತಲೆ ತಗ್ಗಿಸಿ ನಿಂತಿದ್ದ. ಅವಳು ಮಾತಾಡಿದಾಗ ದನಿ ಏರಿರಲಿಲ್ಲ.

"ಅವತ್ತು ಅವರು ನನ್ನನ್ನೂ ಕರೆದ್ರು ಅಣ್ಣ. ವ್ಯಾನು ಇಲ್ಲೇ, ಈ ಗೇಟಲ್ಲೇ ನಿಂತಿತ್ತು, ನೀನಿನ್ನೂ ಬಂದಿರಲಿಲ್ಲ. ತಾತ ಎರಡೆರಡು ಸಲ ಕರೆದ. ನಾನೇ ಹೋಗಲಿಲ್ಲ. ನಮ್ಮಣ್ಣ ಅಷ್ಟು ಜನರ ಮುಂದೆ ಕೇಳಿ ಬಂದಿದ್ದಾನೆ, ಅವನ ಬೆನ್ನ ಹಿಂದೆ ಒಡಹುಟ್ಟಿದವಳೇ ಹೋಗಿ ಮತ್ತೆ ಕೇಳಿದ್ರೆ ಅವನ ಮರ್ಯಾದೆ ಏನಾಗುತ್ತೆ ಅಂದೆ."

ಅಷ್ಟು ಹೇಳಿ, ಕೂಲಿಯವರಿಗೆ ಕಾಯದೆ, ಅವಳು ಗಿಡದ ಸಾಲಿಗೆ ಇಳಿದು ಮೊದಲ ಗಿಡವನ್ನು ತಾನೇ ಕಿತ್ತಳು.